ಬೆಸುಗೆಯ ದಪ್ಪವೂ ಉದ್ಯಮಿಯ ಲಾಭವೂ

ಫ್ಯಾಬ್ರಿಕೇಶನ್ ಘಟಕಗಳ ವಾರ್ಷಿಕ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ಒಂದು ಸಂಗತಿ ವರ್ಷದಿಂದ ವರ್ಷಕ್ಕೆ ತಪ್ಪದೆ ಕಣ್ಣಿಗೆ ಬೀಳುತ್ತದೆ. ಖರೀದಿಸಿದ ಪ್ಲೇಟು, ಆಂಗಲ್, ಚಾನಲ್‌ಗಳ ಪ್ರತಿಯೊಂದು ಕಿಲೋಗ್ರಾಮಿಗೂ ಲೆಕ್ಕವಿರುತ್ತದೆ. ಉಳಿದ ತುಂಡುಗಳನ್ನು ಗುಜರಿಗೆ ಹಾಕಿದರೆ ಅದಕ್ಕೂ ರಸೀದಿಯಿರುತ್ತದೆ. ಆದರೆ ವೆಲ್ಡಿಂಗ್ ರಾಡು, ಗ್ಯಾಸ್ ಸಿಲಿಂಡರು, ಗ್ರೈಂಡಿಂಗ್ ವೀಲುಗಳೆಲ್ಲವೂ ‘ಕನ್ಸ್ಯೂಮಬಲ್ಸ್’ ಎಂಬ ಒಂದೇ ಶೀರ್ಷಿಕೆಯಡಿ ರಾಶಿಯಾಗಿ ಬಿದ್ದಿರುತ್ತವೆ. ಇನ್ನು ಬೆಸುಗೆಯಾದ ಮೇಲೆ ಸೊಟ್ಟಗಾದ ಚೌಕಟ್ಟನ್ನು ನೆಟ್ಟಗೆ ಮಾಡಲು ತಗುಲಿದ ವೆಚ್ಚಕ್ಕಂತೂ ಶೀರ್ಷಿಕೆಯೇ ಇಲ್ಲ. ಅದು ಕೂಲಿಯ ಖಾತೆಯಲ್ಲಿ ಸದ್ದಿಲ್ಲದೆ ಕರಗಿಹೋಗಿರುತ್ತದೆ. ಆರ್ಡರುಗಳು ಹೆಚ್ಚಿದ್ದರೂ ಲಾಭವೇಕೆ ಹೆಚ್ಚಲಿಲ್ಲವೆಂದು ಮಾಲೀಕರು ಕೇಳಿದಾಗ, ಉತ್ತರದ ಒಂದು ಪಾಲು ಈ ಶೀರ್ಷಿಕೆಯಿಲ್ಲದ ವೆಚ್ಚದಲ್ಲಿ ಅಡಗಿರುತ್ತದೆಂಬುದು ನನ್ನ ಅನುಭವ.

ಬೆಸುಗೆಯ ವಿನ್ಯಾಸವು ಎಂಜಿನಿಯರರ ಕ್ಷೇತ್ರ. ಅದರಲ್ಲಿ ಲೆಕ್ಕಪರಿಶೋಧಕನಿಗೇನು ಕೆಲಸವೆಂದು ಕೆಲವರಿಗೆ ಅನ್ನಿಸಬಹುದು. ವಿನ್ಯಾಸವನ್ನು ಬದಲಿಸಿರೆಂದು ನಾನು ಹೇಳುತ್ತಿಲ್ಲ. ನಕಾಶೆಯಲ್ಲಿ ಹೇಳಿದಷ್ಟೇ ಬೆಸುಗೆಯನ್ನು ಹಾಕಿರಿ, ನಕಾಶೆಯಲ್ಲಿ ಹೇಳಿರದಿದ್ದರೆ ಕೇಳಿ ಬರೆಸಿಕೊಳ್ಳಿರಿ ಎಂಬುದಷ್ಟೇ ನನ್ನ ವಾದ. ಇದನ್ನು ಪಾಲಿಸಲು ಹಣದ ಹೂಡಿಕೆ ಬೇಕಿಲ್ಲ. ಪಾಲಿಸದಿದ್ದರೆ ಹಣ ಎರಡು ಸಲ ಹೋಗುತ್ತದೆ: ಒಮ್ಮೆ ಹೆಚ್ಚಿನ ಬೆಸುಗೆ ಹಾಕುವುದಕ್ಕೆ, ಇನ್ನೊಮ್ಮೆ ಆ ಹೆಚ್ಚಿನ ಬೆಸುಗೆಯಿಂದಾದ ಸೊಟ್ಟನ್ನು ತೆಗೆಯುವುದಕ್ಕೆ.

ಮೊದಲು ಲೆಕ್ಕವನ್ನೇ ನೋಡೋಣ. ಎರಡು ಪ್ಲೇಟುಗಳು ಲಂಬವಾಗಿ ಕೂಡುವ ಮೂಲೆಯಲ್ಲಿ ತ್ರಿಕೋನಾಕಾರವಾಗಿ ತುಂಬುವ ಬೆಸುಗೆಗೆ ಫಿಲೆಟ್ ಎಂದು ಹೆಸರು. ನಮ್ಮ ಘಟಕಗಳಲ್ಲಿ ಹಾಕುವ ಬೆಸುಗೆಯ ಬಹುಪಾಲು ಇದೇ. ಮೂಲೆಯಿಂದ ಪ್ಲೇಟಿನ ಮೇಲೆ ಬೆಸುಗೆ ಎಷ್ಟು ದೂರ ಹರಡಿದೆಯೋ ಅದೇ ಅದರ ಗಾತ್ರ, ಅಂದರೆ ‘ಲೆಗ್’. ಮೂಲೆಯಿಂದ ಬೆಸುಗೆಯ ಮುಖಕ್ಕಿರುವ ಅತಿ ಕಡಿಮೆ ದೂರ ‘ಥ್ರೋಟ್’. ಅದು ಲೆಗ್‌ನ ಸುಮಾರು 0.7 ಪಾಲು. ಬೆಸುಗೆಯ ಬಲವು ಥ್ರೋಟನ್ನು ಅವಲಂಬಿಸಿದೆ. ಆದುದರಿಂದ 6 ಮಿ.ಮೀ. ಬದಲು 8 ಮಿ.ಮೀ. ಹಾಕಿದರೆ ಬಲವು ಮೂರನೆಯ ಒಂದು ಪಾಲಿನಷ್ಟು, ಅಂದರೆ ಶೇ. 33ರಷ್ಟು ಹೆಚ್ಚುತ್ತದೆ. ಆದರೆ ತುಂಬಬೇಕಾದ ಲೋಹವು ತ್ರಿಕೋನದ ವಿಸ್ತೀರ್ಣಕ್ಕೆ ತಕ್ಕಂತೆ, ಅಂದರೆ ಲೆಗ್‌ನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 6 ಮಿ.ಮೀ. ಫಿಲೆಟ್‌ನ ಅಡ್ಡಕೊಯ್ತ 18 ಚದರ ಮಿ.ಮೀ.; 8 ಮಿ.ಮೀ.ದು 32, 10 ಮಿ.ಮೀ.ದು 50. ಒಂದು ಮೀಟರ್ ಉದ್ದಕ್ಕೆ ಕ್ರಮವಾಗಿ ಸುಮಾರು 141, 251 ಮತ್ತು 392 ಗ್ರಾಂ ಲೋಹ. ಹೀಗೆ ಶೇ. 33ರಷ್ಟು ಬಲಕ್ಕಾಗಿ ಶೇ. 78ರಷ್ಟು ಲೋಹವನ್ನು ಹೆಚ್ಚಾಗಿ ಸುರಿಯುತ್ತೇವೆ. 10 ಮಿ.ಮೀ.ಗೆ ಹೋದರೆ ಲೋಹವು ಸುಮಾರು 2.8 ಪಟ್ಟಾಗುತ್ತದೆ. ಆ ಹೆಚ್ಚಿನ ಬಲವನ್ನು ಕೇಳಿದವರಾರು? ಬಹುತೇಕ ಸಂದರ್ಭಗಳಲ್ಲಿ ಯಾರೂ ಕೇಳಿರುವುದಿಲ್ಲ.

ಒಂದು ಯಂತ್ರದ ಬೇಸ್‌ಫ್ರೇಮನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 12 ಮಿ.ಮೀ. ತಳದ ಪ್ಲೇಟು, ಅದರ ಮೇಲೆ 8 ಮಿ.ಮೀ. ದಪ್ಪದ ರಿಬ್‌ಗಳು, ಒಟ್ಟು 20 ಮೀಟರ್ ಫಿಲೆಟ್. 6 ಮಿ.ಮೀ. ಗಾತ್ರವಾದರೆ 2.8 ಕಿಲೋ ಲೋಹ ಸಾಕು. ವೆಲ್ಡರು ‘ಗಟ್ಟಿಯಾಗಿರಲಿ’ ಎಂದು 10 ಮಿ.ಮೀ. ತುಂಬಿದರೆ 7.8 ಕಿಲೋ ಮೀರುತ್ತದೆ. ವ್ಯತ್ಯಾಸ 5 ಕಿಲೋ. ರಾಡಿನ ತುದಿಯ ತುಂಡು, ಸ್ಲ್ಯಾಗು ಮತ್ತು ಸಿಡಿತಗಳನ್ನು ಕಳೆದರೆ ಕೊಂಡ ರಾಡಿನ ತೂಕದಲ್ಲಿ ಶೇ. 60ರಷ್ಟು ಮಾತ್ರ ಬೆಸುಗೆಯಾಗಿ ಉಳಿಯುತ್ತದೆಂದು ಹಿಡಿದರೆ, 5 ಕಿಲೋ ಲೋಹಕ್ಕೆ 8.4 ಕಿಲೋ ರಾಡು ಬೇಕು. ಇದು ಕಣ್ಣಿಗೆ ಕಾಣುವ ಭಾಗ. ಕಾಣದ ಭಾಗವೆಂದರೆ ಸಮಯ. ಆರ್ಕ್ ಉರಿಯುತ್ತಿರುವಾಗ ಗಂಟೆಗೆ 1.2 ಕಿಲೋ ಲೋಹ ಬೀಳುತ್ತದೆಂದೂ, ರಾಡು ಬದಲಿಸುವುದು, ಸ್ಲ್ಯಾಗು ತಟ್ಟುವುದು, ಕೆಲಸವನ್ನು ತಿರುಗಿಸಿಡುವುದು ಇವುಗಳೆಲ್ಲ ಕಳೆದು ಪಾಳಿಯ ಶೇ. 30ರಷ್ಟು ಹೊತ್ತು ಮಾತ್ರ ಆರ್ಕ್ ಉರಿಯುತ್ತದೆಂದೂ ಹಿಡಿದರೆ, ಗಂಟೆಗೆ ಬೀಳುವುದು 360 ಗ್ರಾಂ. 5 ಕಿಲೋಗೆ 14 ಗಂಟೆಗಳು, ಅಂದರೆ ಹೆಚ್ಚುಕಡಿಮೆ ಎರಡು ಪಾಳಿಗಳು. ಲೆಕ್ಕದ ಅನುಕೂಲಕ್ಕಾಗಿ ರಾಡು ಕಿಲೋಗೆ ರೂ. 100 ಮತ್ತು ವೆಲ್ಡರ್, ಹೆಲ್ಪರ್, ವಿದ್ಯುತ್ತು, ಶೆಡ್ಡಿನ ಖರ್ಚು ಸೇರಿ ಗಂಟೆಗೆ ರೂ. 250 ಎಂದಿಟ್ಟುಕೊಂಡರೆ, ರಾಡಿಗೆ ರೂ. 840, ಸಮಯಕ್ಕೆ ರೂ. 3,500, ಒಟ್ಟು ರೂ. 4,340. ಓದುಗರು ತಮ್ಮ ತಮ್ಮ ದರಗಳನ್ನು ಹಾಕಿ ನೋಡಬಹುದು. ದರ ಯಾವುದಾದರೂ, ಸಮಯದ ವೆಚ್ಚವು ರಾಡಿನ ವೆಚ್ಚದ ಹಲವು ಪಟ್ಟಾಗಿಯೇ ನಿಲ್ಲುತ್ತದೆ. ರಾಡಿನ ಬೆಲೆಯಲ್ಲಿ ಎರಡು ರೂಪಾಯಿ ಚೌಕಾಶಿ ಮಾಡುವ ನಾವು ಈ ಎರಡು ಪಾಳಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

‘ಹಾಕಿದ ಲೋಹವೂ ತೂಕಕ್ಕೆ ಸೇರುತ್ತದಲ್ಲ ಸ್ವಾಮಿ, ನಾವು ಕಿಲೋ ಲೆಕ್ಕದಲ್ಲಿ ಮಾರುವವರು’ ಎಂದು ಉದ್ಯಮಿ ಮಿತ್ರರೊಬ್ಬರು ನನ್ನೊಡನೆ ವಾದಿಸಿದ್ದುಂಟು. ಕಿಲೋಗೆ ರೂ. 100ರಂತೆ ಬಿಲ್ಲಾದರೂ 5 ಕಿಲೋಗೆ ಬರುವುದು ರೂ. 500. ಅದಕ್ಕಾಗಿ ರೂ. 4,340 ವ್ಯಯಿಸುವುದು ಎಂತಹ ವ್ಯಾಪಾರ? ಅಷ್ಟೂ ಅಲ್ಲದೆ ದೊಡ್ಡ ಖರೀದಿದಾರರನೇಕರು ನಕಾಶೆಯ ತೂಕಕ್ಕೆ ಮಾತ್ರ ಹಣ ಕೊಡುತ್ತಾರೆಯೇ ಹೊರತು ಕಾಟಾ ತೂಕಕ್ಕಲ್ಲ. ಕಿಲೋ ಲೆಕ್ಕದ ದರವು ಉಕ್ಕಿನ ವ್ಯಾಪಾರಕ್ಕೆ ಸರಿ. ದುಡಿಮೆಯ ವ್ಯಾಪಾರಕ್ಕೆ ಅದು ಸರಿಹೊಂದುವುದಿಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಒಂದೇ ತೂಕದ ಎರಡು ಚೌಕಟ್ಟುಗಳಲ್ಲಿ ಒಂದಕ್ಕೆ 8 ಮೀಟರ್, ಇನ್ನೊಂದಕ್ಕೆ 30 ಮೀಟರ್ ಬೆಸುಗೆಯಿದ್ದರೆ ಎರಡಕ್ಕೂ ಒಂದೇ ದರವನ್ನು ನಮೂದಿಸುವವನು ಮೊದಲನೆಯದರಲ್ಲಿ ಆರ್ಡರು ಕಳೆದುಕೊಳ್ಳುತ್ತಾನೆ, ಎರಡನೆಯದರಲ್ಲಿ ಗಂಟು ಕಳೆದುಕೊಳ್ಳುತ್ತಾನೆ. ಕೊಟೇಶನ್ ಸಿದ್ಧಪಡಿಸುವಾಗ ತೂಕದ ಜೊತೆಗೆ ಬೆಸುಗೆಯ ಗಾತ್ರ ಮತ್ತು ಉದ್ದಗಳನ್ನೂ ಎಣಿಸುವುದು ಅತ್ಯಗತ್ಯ.

ಹಾಗಾದರೆ ಎಷ್ಟು ಗಾತ್ರ ಸಾಕು? ಭಾರತೀಯ ಮಾನಕ ಐ.ಎಸ್. 800:2007 ಇದಕ್ಕೆ ಕೆಳಮಿತಿ ಮೇಲುಮಿತಿಗಳೆರಡನ್ನೂ ಹೇಳಿದೆ. ಜೋಡಿಸುವ ಎರಡು ಭಾಗಗಳಲ್ಲಿ ದಪ್ಪನೆಯದು 10 ಮಿ.ಮೀ. ವರೆಗಿದ್ದರೆ ಕನಿಷ್ಠ 3 ಮಿ.ಮೀ., 10ರಿಂದ 20ರವರೆಗಾದರೆ 5 ಮಿ.ಮೀ., 20ರಿಂದ 32ರವರೆಗಾದರೆ 6 ಮಿ.ಮೀ. ಈ ಕೆಳಮಿತಿಯನ್ನು ಉಳಿತಾಯದ ಹೆಸರಿನಲ್ಲಿ ಎಂದಿಗೂ ಮುರಿಯಕೂಡದು. ದಪ್ಪ ಪ್ಲೇಟಿನ ಮೇಲೆ ಸಣ್ಣ ಬೆಸುಗೆ ಹಾಕಿದರೆ ಅದು ಥಟ್ಟನೆ ತಣಿದು ಬಿರುಕು ಬಿಡುವ ಭಯವಿದೆ. ಮೇಲುಮಿತಿಯ ವಿಷಯಕ್ಕೆ ಬಂದರೆ, ಪ್ಲೇಟಿನ ಚೌಕ ಅಂಚಿನ ಮೇಲೆ ಬೀಳುವ ಫಿಲೆಟ್ ಪ್ಲೇಟಿನ ದಪ್ಪಕ್ಕಿಂತ 1.5 ಮಿ.ಮೀ. ಕಡಿಮೆಯಿರಬೇಕು, ಆಂಗಲ್, ಚಾನಲ್‌ಗಳ ದುಂಡಾದ ಅಂಚಿಗಾದರೆ ದಪ್ಪದ ಮುಕ್ಕಾಲು ಪಾಲು ಮೀರಬಾರದು. ಎರಡೂ ಬದಿ ಫಿಲೆಟ್ ಹಾಕುವ ‘ಟಿ’ ಜೋಡಣೆಯಲ್ಲಿ ಎಂಜಿನಿಯರರು ಬಹುಕಾಲದಿಂದ ಬಳಸುತ್ತಿರುವ ಅಂದಾಜೆಂದರೆ, ತೆಳುವಾದ ಪ್ಲೇಟಿನ ದಪ್ಪದ ಮುಕ್ಕಾಲು ಪಾಲಿನಷ್ಟು ಲೆಗ್ ಎರಡೂ ಕಡೆ ಇದ್ದರೆ ಬೆಸುಗೆಯು ಪ್ಲೇಟಿನಷ್ಟೇ ಬಲವುಳ್ಳದ್ದಾಗಿರುತ್ತದೆ. ನಮ್ಮ ಉದಾಹರಣೆಯ 8 ಮಿ.ಮೀ. ರಿಬ್‌ಗೆ ಅದು 6 ಮಿ.ಮೀ. ಅದಕ್ಕಿಂತ ಹೆಚ್ಚು ತುಂಬಿದರೆ ಬೆಸುಗೆಗೆ ಮೊದಲು ಪ್ಲೇಟೇ ಸೋಲುತ್ತದಾದ್ದರಿಂದ ಆ ಹೆಚ್ಚಳವು ಶುದ್ಧ ದಂಡ. ಚೌಕಟ್ಟು ಬಾಗದೆ ಬಿಗಿಯಾಗಿ ನಿಲ್ಲಲೆಂದಷ್ಟೇ ಹಾಕುವ ರಿಬ್‌ಗಳಿಗಂತೂ ಇದರ ಅರ್ಧವೂ ಸಾಕಾಗುವ ಸಂದರ್ಭಗಳು ಬಹಳ. ಕೆಳಮಿತಿಯನ್ನು ಮಾತ್ರ ನೋಡಿಕೊಳ್ಳಬೇಕು.

ಬೆಸುಗೆಯ ಶಕ್ತಿಯ ಬಗ್ಗೆ ನಮ್ಮಲ್ಲಿ ನಂಬಿಕೆ ಕಡಿಮೆ, ಅನುಮಾನ ಹೆಚ್ಚು. ಐ.ಎಸ್. 816:1969ರ ಪ್ರಕಾರ ಮೃದು ಉಕ್ಕಿನ ಫಿಲೆಟ್‌ನ ಥ್ರೋಟಿಗೆ ಪ್ರತಿ ಚದರ ಸೆಂ.ಮೀ.ಗೆ 1,100 ಕಿಲೋ ಭಾರವನ್ನು ಅನುಮತಿಸಲಾಗಿದೆ. 6 ಮಿ.ಮೀ. ಫಿಲೆಟ್‌ನ ಕೇವಲ 10 ಸೆಂ.ಮೀ. ಉದ್ದವು ಈ ಲೆಕ್ಕದಲ್ಲಿ ನಾಲ್ಕೂವರೆ ಟನ್ನಿಗೂ ಮಿಕ್ಕಿ ಹೊರುತ್ತದೆ. ಇದು ಸರಿಯಾಗಿ ಬೆಸೆದ, ಒಳಗೆ ಸ್ಲ್ಯಾಗು ಉಳಿಯದ ಬೆಸುಗೆಯ ಮಾತು. ಕಳಪೆ ಬೆಸುಗೆಯನ್ನು ದಪ್ಪ ಮಾಡಿದ ಮಾತ್ರಕ್ಕೆ ಅದು ಒಳ್ಳೆಯ ಬೆಸುಗೆಯಾಗುವುದಿಲ್ಲ. ಆದರೂ ‘ಫುಲ್ ವೆಲ್ಡಿಂಗ್’, ‘ಸ್ಟ್ರಾಂಗ್ ವೆಲ್ಡಿಂಗ್’ ಎಂಬ ಎರಡು ಪದಗಳು ನಮ್ಮ ಪರ್ಚೇಸ್ ಆರ್ಡರುಗಳಲ್ಲಿ ಗಾತ್ರದ ಸ್ಥಾನವನ್ನು ಆಕ್ರಮಿಸಿ ಕುಳಿತಿವೆ. ಗೋದಾಮಿಗೆ ರ್‍ಯಾಕು, ಅಂಗಡಿಗೆ ಶೆಡ್ಡು ಮಾಡಿಸುವ ವ್ಯಾಪಾರಿ ಬಂಧುಗಳೂ ಈ ಮಾತನ್ನು ಗಮನಿಸಬೇಕು. ‘ಫುಲ್ ವೆಲ್ಡಿಂಗ್’ ಎಂದು ಬರೆಸಿದರೆ ನಿಮಗೆ ದೊರೆಯುವುದು ಬಲವಲ್ಲ, ಸೊಟ್ಟಾದ ಕಂಬ.

ಸೊಟ್ಟಾಗುವುದೇಕೆ? ಉಕ್ಕಿನ ಒಂದು ಮೀಟರ್ ಉದ್ದವು 100 ಡಿಗ್ರಿ ಕಾದರೆ 1.2 ಮಿ.ಮೀ. ಹಿಗ್ಗುತ್ತದೆ. ಬೆಸುಗೆಯ ಸ್ಥಳವು ಕರಗುವಷ್ಟು, ಅಂದರೆ ಸುಮಾರು 1,500 ಡಿಗ್ರಿಯಷ್ಟು ಕಾಯುತ್ತದೆ. ಸುತ್ತಲಿನ ಲೋಹ ತಣ್ಣಗಿರುತ್ತದೆ. ಕಾದ ಭಾಗಕ್ಕೆ ಹಿಗ್ಗಲು ಜಾಗವಿಲ್ಲ, ಆದ್ದರಿಂದ ಮೆತ್ತಗಾಗಿದ್ದ ಅದು ತನ್ನಲ್ಲೇ ಅದುಮಿಕೊಳ್ಳುತ್ತದೆ. ತಣಿಯುವಾಗ ಮಾತ್ರ ಕುಗ್ಗುತ್ತಾ ಅಕ್ಕಪಕ್ಕದ ಪ್ಲೇಟನ್ನು ತನ್ನೆಡೆಗೆ ಎಳೆಯುತ್ತದೆ. ಬಿಸಿಲಿನಲ್ಲಿ ಹರವಿದ ಹಪ್ಪಳದ ಒಂದು ಮುಖ ಮೊದಲು ಒಣಗಿ ಅಂಚು ಮೇಲೇಳುವಂತೆ ತಳದ ಪ್ಲೇಟಿನ ಅಂಚುಗಳು ಬೆಸುಗೆಯ ಕಡೆಗೆ ಏಳುತ್ತವೆ. ಎಳೆತದ ಪ್ರಮಾಣವು ತುಂಬಿದ ಲೋಹದ ಪ್ರಮಾಣವನ್ನು ಅನುಸರಿಸುತ್ತದೆ. ಹೀಗಾಗಿ ಮೇಲೆ ಹೇಳಿದ 2.8 ಪಟ್ಟು ಲೋಹವು ರಾಡಿನ ಬಿಲ್ಲಿನಲ್ಲಿ ಮುಗಿಯದೆ ಚೌಕಟ್ಟಿನ ಮೈಯಲ್ಲೂ ಕಾಣಿಸಿಕೊಳ್ಳುತ್ತದೆ. 6 ಮಿ.ಮೀ. ಫಿಲೆಟ್ ಸಾಮಾನ್ಯವಾಗಿ ಒಂದೇ ರನ್ನಿನಲ್ಲಿ ಮುಗಿಯುತ್ತದೆ, 10 ಮಿ.ಮೀ.ಗೆ ಹಲವು ರನ್ನುಗಳು ಬೇಕು, ಪ್ರತಿ ರನ್ನೂ ಹೊಸದಾಗಿ ಎಳೆಯುತ್ತದೆ.

ಉದ್ದನೆಯ ಕೆಲಸಗಳಲ್ಲಿ ಇನ್ನೊಂದು ನಿಯಮವನ್ನು ನೆನಪಿನಲ್ಲಿಡಬೇಕು. ತೊಲೆಯ ಒಂದೇ ಬದಿಗೆ ಉದ್ದಕ್ಕೂ ಬೆಸುಗೆ ಬಿದ್ದಾಗ ಉಂಟಾಗುವ ಬಾಗು ಬೆಸುಗೆಯ ಅಡ್ಡಕೊಯ್ತಕ್ಕೆ ನೇರ ಅನುಪಾತದಲ್ಲಿಯೂ ತೊಲೆಯ ಉದ್ದದ ವರ್ಗಕ್ಕೆ ಅನುಪಾತದಲ್ಲಿಯೂ ಇರುತ್ತದೆ. 3 ಮೀಟರಿನ ತೊಲೆಯಲ್ಲಿ 2 ಮಿ.ಮೀ. ಬಾಗಿದ್ದರೆ ಅಂಥದೇ 6 ಮೀಟರಿನದರಲ್ಲಿ 8 ಮಿ.ಮೀ. ಪ್ಲೇಟುಗಳನ್ನು ಅಂಚಿಗೆ ಅಂಚು ಸೇರಿಸುವಾಗ ಕುಗ್ಗುವಿಕೆಯು ಬೇರೆ ರೀತಿಯಲ್ಲಿ ಕಾಡುತ್ತದೆ: 12 ಮಿ.ಮೀ. ಪ್ಲೇಟಿಗೆ 60 ಡಿಗ್ರಿಯ ಒಂಟಿ ‘ವಿ’ ತೆಗೆದು 3 ಮಿ.ಮೀ. ಸಂದು ಬಿಟ್ಟು ಬೆಸೆದರೆ ಪ್ರತಿ ಜೋಡಣೆಯಲ್ಲಿ ಅಂದಾಜು 2 ಮಿ.ಮೀ. ಅಳತೆ ಕುಗ್ಗುತ್ತದೆ. ನಾಲ್ಕು ಜೋಡಣೆಗಳಿದ್ದರೆ 8 ಮಿ.ಮೀ. ಕತ್ತರಿಸುವಾಗಲೇ ಈ ಅಳತೆಯನ್ನು ಸೇರಿಸದಿದ್ದರೆ ಕೆಲಸ ಮುಗಿದ ಮೇಲೆ ಬೋಲ್ಟಿನ ತೂತುಗಳು ಕೂಡುವುದಿಲ್ಲ. ಅದೇ ಪ್ಲೇಟಿಗೆ ಎರಡೂ ಮುಖದಿಂದ ‘ವಿ’ ತೆಗೆದರೆ ಲೋಹವು ಮೂರರಲ್ಲಿ ಒಂದು ಪಾಲು ಕಡಿಮೆಯಾಗುವುದಲ್ಲದೆ, ಎರಡೂ ಬದಿಯ ಎಳೆತ ಒಂದಕ್ಕೊಂದು ಸರಿದೂಗುತ್ತದೆ.

ಸ್ಟೇನ್‌ಲೆಸ್ ಉಕ್ಕಿನಲ್ಲಿ ಅಡುಗೆಮನೆ ಸಾಮಗ್ರಿ, ಹಾಲಿನ ಟ್ಯಾಂಕು ಮುಂತಾದವುಗಳನ್ನು ತಯಾರಿಸುವವರಿಗೆ ಈ ಕಾಟ ಇನ್ನೂ ಹೆಚ್ಚು. 304 ದರ್ಜೆಯಂತಹ ಸ್ಟೇನ್‌ಲೆಸ್ ಮೃದು ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ, ಶಾಖವನ್ನು ಮಾತ್ರ ಮೂರರಲ್ಲಿ ಒಂದು ಪಾಲಿನಷ್ಟೇ ವೇಗದಲ್ಲಿ ಹರಿಯಬಿಡುತ್ತದೆ.

ತಡೆಯುವ ಉಪಾಯಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಬೆಸುಗೆಗಿಂತ ಮೊದಲೇ ನಡೆಯುವ ಕೆಲಸ, ಅಂದರೆ ಕಟಿಂಗ್ ಮತ್ತು ಜೋಡಣೆ. ಗ್ಯಾಸ್ ಕಟಿಂಗಿನ ಅಂಚು ಓರೆಕೋರೆಯಾಗಿದ್ದು ರಿಬ್ಬಿನ ಕೆಳಗೆ 3 ಮಿ.ಮೀ. ಸಂದು ಉಳಿಯಿತೆನ್ನಿ. 6 ಮಿ.ಮೀ. ಬಲ ಬೇಕಾದರೆ ಈಗ 9 ಮಿ.ಮೀ. ಲೆಗ್ ಹಾಕಬೇಕಾಗುತ್ತದೆ, ಲೋಹವು ಎರಡೂಕಾಲು ಪಟ್ಟಾಯಿತು. ಗ್ರೈಂಡರಿನಲ್ಲಿ ಹತ್ತು ನಿಮಿಷ ಉಳಿಸಲು ಹೋಗಿ ವೆಲ್ಡರಿನ ಎರಡು ಗಂಟೆ ಕಳೆಯುವುದೆಂದರೆ ಇದೇ. ಸಂದು ತುಂಬಲು ರಾಡಿನ ತುಂಡನ್ನೋ ಕಂಬಿಯನ್ನೋ ತುರುಕಿ ಮೇಲೆ ಬೆಸೆಯುವ ಚಾಳಿಯೂ ಕೆಲವೆಡೆ ಇದೆ. ಅದು ಉಳಿತಾಯವಲ್ಲ, ವಂಚನೆ. ಅದರ ಹೊಣೆ ಬೆಸೆದವನಿಗಿಂತ ಹೆಚ್ಚಾಗಿ ಬೆಸೆಯಬಿಟ್ಟವನದು.

ಎರಡನೆಯದು, ಉದ್ದಕ್ಕೂ ಬೆಸೆಯಬೇಕಾದ ಅಗತ್ಯವಿಲ್ಲದೆಡೆ ಬಿಟ್ಟು ಬಿಟ್ಟು ಬೆಸೆಯುವುದು. 8 ಮಿ.ಮೀ. ರಿಬ್ಬಿಗೆ 75 ಮಿ.ಮೀ. ಬೆಸೆದು 75 ಮಿ.ಮೀ. ಬಿಟ್ಟರೆ ಲೋಹವು ಅರ್ಧಕ್ಕಿಳಿಯುತ್ತದೆ. ಮಾನಕವು ಇದಕ್ಕೆ ಒಪ್ಪಿಗೆ ನೀಡಿದೆ: ಪ್ರತಿ ತುಂಡು ಗಾತ್ರದ ನಾಲ್ಕು ಪಟ್ಟಿಗಾಗಲಿ 40 ಮಿ.ಮೀ.ಗಾಗಲಿ ಕಡಿಮೆಯಿರಬಾರದು, ನಡುವಿನ ಅಂತರವು ಒತ್ತಡದ ಭಾಗಗಳಲ್ಲಿ ತೆಳು ಪ್ಲೇಟಿನ ದಪ್ಪದ 12 ಪಟ್ಟು, ಎಳೆತದ ಭಾಗಗಳಲ್ಲಿ 16 ಪಟ್ಟು ಮೀರಬಾರದು, ಯಾವ ಸಂದರ್ಭದಲ್ಲಿಯೂ 200 ಮಿ.ಮೀ. ದಾಟಬಾರದು. ಮಳೆಗಾಳಿಗೆ ತೆರೆದಿಡುವ ವಸ್ತುಗಳಲ್ಲಿ ಬಿಟ್ಟ ಜಾಗಕ್ಕೆ ನೀರು ಇಳಿದು ತುಕ್ಕು ಹಿಡಿಯುವುದರಿಂದ, ಹಾಗೂ ಸದಾ ಅದುರುವ ಯಂತ್ರಗಳಲ್ಲಿ ಬೆಸುಗೆಯ ಪ್ರತಿ ತುದಿಯೂ ಬಿರುಕಿನ ಮೂಲವಾಗಬಲ್ಲದಾದ್ದರಿಂದ, ಅಂತಹ ಕಡೆ ಈ ಉಪಾಯ ಸಲ್ಲದು.

ಉಳಿದವುಗಳನ್ನು ಅನುಭವಿ ವೆಲ್ಡರುಗಳು ಬಲ್ಲರು. ಮಧ್ಯದಿಂದ ಆರಂಭಿಸಿ ಎರಡೂ ತುದಿಗಳತ್ತ ಸಾಗುವುದು, ಒಂದು ಬದಿಯನ್ನು ಪೂರ್ತಿ ಮುಗಿಸದೆ ಎದುರುಬದುರು ಬದಿಗಳಲ್ಲಿ ಸರದಿಯಂತೆ ಬೆಸೆಯುವುದು, ಸಾಗುವ ದಿಕ್ಕಿಗೆ ವಿರುದ್ಧವಾಗಿ ಸಣ್ಣ ಸಣ್ಣ ತುಂಡುಗಳಲ್ಲಿ ಬೆಸೆಯುವುದು, ಏಳುವ ಅಂದಾಜಿನಷ್ಟು ಪ್ಲೇಟನ್ನು ಮೊದಲೇ ಎದುರು ದಿಕ್ಕಿಗೆ ಬಗ್ಗಿಸಿಡುವುದು. ಒಂದೇ ಬಗೆಯ ಎರಡು ಚೌಕಟ್ಟುಗಳಿದ್ದರೆ ಬೆನ್ನಿಗೆ ಬೆನ್ನು ಕೊಟ್ಟು ಕ್ಲಾಂಪು ಬಿಗಿದು ಬೆಸೆಯುವುದು ಸಣ್ಣ ಘಟಕಗಳಿಗೆ ಅತ್ಯಂತ ಅಗ್ಗದ ಉಪಾಯ. ಎರಡೂ ತಣಿಯುವವರೆಗೆ ಕ್ಲಾಂಪು ಬಿಚ್ಚಬಾರದು. ಕಿಲೋ ಲೆಕ್ಕದಲ್ಲಿಯೋ ರಾಡಿನ ಲೆಕ್ಕದಲ್ಲಿಯೋ ಕೂಲಿ ಪಡೆಯುವ ಗುತ್ತಿಗೆ ವೆಲ್ಡರಿನಿಂದ ಇಂತಹ ತಾಳ್ಮೆಯನ್ನು ನಿರೀಕ್ಷಿಸುವುದು ಕಷ್ಟವೆಂಬುದನ್ನೂ ಹೇಳಲೇಬೇಕು. ಹೆಚ್ಚು ರಾಡು ಸುಟ್ಟವನಿಗೆ ಹೆಚ್ಚು ಕೂಲಿಯೆಂಬ ಏರ್ಪಾಡು ಇರುವವರೆಗೆ ಬೆಸುಗೆ ದಪ್ಪವಾಗುತ್ತಲೇ ಹೋಗುತ್ತದೆ. ನಕಾಶೆಯ ಗಾತ್ರಕ್ಕೆ ಸರಿಯಾಗಿ ಮುಗಿಸಿದ ಮೀಟರಿಗೆ ಇಷ್ಟೆಂದು ನಿಗದಿಪಡಿಸಿದರೆ ಇಬ್ಬರಿಗೂ ಕ್ಷೇಮ. ಬೆಸುಗೆಯ ಗಾತ್ರ ಅಳೆಯುವ ಗೇಜು ದೊಡ್ಡ ಬೆಲೆಯ ವಸ್ತುವೇನಲ್ಲ. ಸೂಪರ್‌ವೈಸರರ ಜೇಬಿನಲ್ಲಿ ಅದು ಇರಲೇಬೇಕು. ಬಾಯ್ಲರು, ಒತ್ತಡದ ಟ್ಯಾಂಕು, ಭಾರ ಎತ್ತುವ ಸಲಕರಣೆಗಳಂತಹ ಕೆಲಸಗಳಲ್ಲಿ ಮಾತ್ರ ಅಧಿಕೃತ ನಕಾಶೆಯಿಂದ ಕೂದಲೆಳೆಯಷ್ಟೂ ಕದಲದಿರುವುದು ಒಳಿತು.

ಈಗ ನನ್ನ ಸ್ವಂತ ಕ್ಷೇತ್ರದ ಒಂದು ಮಾತು. ಸೊಟ್ಟಾದ ಮಾಲು ಹಣದ ಬರುವಿಕೆಯನ್ನೇ ತಡೆಯುತ್ತದೆಂಬುದು ಅನೇಕ ಉದ್ಯಮಿಗಳ ಗಮನಕ್ಕೆ ಬಂದಿಲ್ಲ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006ರ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಖರೀದಿದಾರರು, ಲಿಖಿತ ಒಪ್ಪಂದವಿದ್ದರೂ, ಮಾಲು ಸ್ವೀಕರಿಸಿದ ದಿನದಿಂದ 45 ದಿನಗಳೊಳಗೆ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ‘ಸ್ವೀಕರಿಸಿದ ದಿನ’ ಎಂಬುದಕ್ಕೆ ಕಾಯ್ದೆ ಕೊಡುವ ಅರ್ಥವನ್ನು ಗಮನಿಸಬೇಕು. ಮಾಲು ತಲುಪಿದ 15 ದಿನಗಳೊಳಗೆ ಖರೀದಿದಾರನು ಲಿಖಿತ ಆಕ್ಷೇಪ ಸಲ್ಲಿಸಿದರೆ, ಸರಬರಾಜುದಾರನು ಆ ಆಕ್ಷೇಪವನ್ನು ನಿವಾರಿಸಿದ ದಿನವೇ ಸ್ವೀಕಾರದ ದಿನವಾಗುತ್ತದೆ. ಅಂದರೆ ‘ಫ್ರೇಮು 5 ಮಿ.ಮೀ. ಎದ್ದಿದೆ’ ಎಂಬ ಒಂದು ಸಾಲಿನ ಪತ್ರ ನಿಮ್ಮ 45 ದಿನಗಳ ಗಡಿಯಾರವನ್ನೇ ನಿಲ್ಲಿಸಿಬಿಡುತ್ತದೆ. ಹಣ ಕೊಡಲು ಮನಸ್ಸಿಲ್ಲದ ಖರೀದಿದಾರನಿಗೆ ಇದಕ್ಕಿಂತ ಸುಲಭದ ಆಯುಧ ಬೇರೆ ಬೇಕಿಲ್ಲ. ನನ್ನ ಕಕ್ಷಿದಾರರೊಬ್ಬರಿಗೆ ಇಂತಹ ಪತ್ರ ಬಂದಾಗ ಎಷ್ಟು ಸೊಟ್ಟು ಒಪ್ಪಿತ, ಎಷ್ಟು ಅಲ್ಲ ಎಂಬುದು ಆರ್ಡರಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ. ವಾದಿಸಲು ಆಧಾರವೇ ಇರಲಿಲ್ಲ. ಗ್ಯಾಸ್ ಟಾರ್ಚು ಹಿಡಿದ ಇಬ್ಬರನ್ನು ಖರೀದಿದಾರರ ಕಾರ್ಖಾನೆಗೇ ಕಳುಹಿಸಿ ಸರಿಪಡಿಸಬೇಕಾಯಿತು. ವಾಹನದ ಬಾಡಿಗೆ, ಅವರ ಭತ್ಯೆ, ತಡವಾದ ಹಣದ ಮೇಲಿನ ಬ್ಯಾಂಕ್ ಬಡ್ಡಿ ಸೇರಿ ಆ ಆರ್ಡರಿನ ಲಾಭವೆಲ್ಲ ಅಲ್ಲಿಗೆ ಮುಗಿಯಿತು.

ಬೆಸೆದ ವಸ್ತುಗಳ ಅಳತೆ, ಕೋನ, ಸಪಾಟುತನಗಳಲ್ಲಿ ಎಷ್ಟು ವ್ಯತ್ಯಾಸ ಒಪ್ಪಿತವೆಂಬುದಕ್ಕೆ ಐ.ಎಸ್.ಒ. 13920 ಎಂಬ ಅಂತಾರಾಷ್ಟ್ರೀಯ ಮಾನಕವೇ ಇದೆ. ಅಳತೆ ಮತ್ತು ಕೋನಗಳಿಗೆ ಎ, ಬಿ, ಸಿ, ಡಿ ಎಂದೂ, ನೇರ ಮತ್ತು ಸಪಾಟುತನಗಳಿಗೆ ಇ, ಎಫ್, ಜಿ, ಎಚ್ ಎಂದೂ ದರ್ಜೆಗಳಿವೆ. ಮೊದಲಿನವು ಬಿಗಿ, ಕೊನೆಯವು ಸಡಿಲ. ಕೊಟೇಶನ್ನಿನಲ್ಲಿ ಯಾವ ದರ್ಜೆಯೆಂದು ಒಂದು ಸಾಲು ಬರೆದು ಖರೀದಿದಾರರ ಸಹಿ ಪಡೆದರೆ ಮುಂದಿನ ವ್ಯಾಜ್ಯದ ಅರ್ಧ ಭಾಗ ಅಲ್ಲಿಯೇ ನಿವಾರಣೆಯಾಗುತ್ತದೆ. ಬಿಗಿಯಾದ ದರ್ಜೆ ಬೇಕೆಂದರೆ ಬಿಗಿಯಾದ ದರ ಕೇಳಲಿಕ್ಕೂ ಆಧಾರ ಸಿಗುತ್ತದೆ.

ಘಟಕದೊಳಗೆ ಪ್ರತಿ ಆರ್ಡರಿಗೂ ಒಂದು ಜಾಬ್ ಕಾರ್ಡು ಇಡಿರೆಂದು ಕಕ್ಷಿದಾರರಿಗೆ ನಾನು ಹೇಳುತ್ತಲೇ ಬಂದಿದ್ದೇನೆ. ನಕಾಶೆಯ ಪ್ರಕಾರ ಬೇಕಾದ ಬೆಸುಗೆಯ ಮೀಟರು ಮತ್ತು ಗಾತ್ರ, ಸ್ಟೋರಿನಿಂದ ಕೊಟ್ಟ ರಾಡಿನ ಕಿಲೋ, ಬೆಸುಗೆಗೆ ತಗುಲಿದ ಗಂಟೆ, ನೆಟ್ಟಗೆ ಮಾಡಲು ತಗುಲಿದ ಗಂಟೆ ಮತ್ತು ಗ್ಯಾಸು, ಇಷ್ಟೇ ವಿವರ ಸಾಕು. ಕೊಟ್ಟ ರಾಡಿನ ಕಿಲೋವನ್ನು 0.6ರಿಂದ ಗುಣಿಸಿ ನಕಾಶೆಯ ಲೋಹದೊಡನೆ ಹೋಲಿಸಿದರೆ ಎಷ್ಟು ಹೆಚ್ಚು ತುಂಬಲಾಗಿದೆಯೆಂಬುದು ಗುಮಾಸ್ತನಿಗೂ ತಿಳಿಯುತ್ತದೆ. ಮೂರು ತಿಂಗಳ ಕಾರ್ಡುಗಳನ್ನು ಜೋಡಿಸಿಟ್ಟುಕೊಂಡು ಬಂದರೆ ಮುಂದಿನ ಕೊಟೇಶನ್ನಿನ ದರವನ್ನು ಕುಳಿತಲ್ಲೇ ನಿಗದಿಪಡಿಸಬಹುದು. ನಮ್ಮ ವಾಣಿಜ್ಯ ಸಂಸ್ಥೆಯೂ ಈ ವಿಷಯವಾಗಿ ಸದಸ್ಯರಿಗೆ ಒಂದು ದಿನದ ಕಾರ್ಯಾಗಾರವನ್ನು ಏರ್ಪಡಿಸುವುದು ಸೂಕ್ತ. ತಿರುಚಿರಾಪಳ್ಳಿಯ ಬಿ.ಎಚ್.ಇ.ಎಲ್. ಆವರಣದಲ್ಲಿರುವ ವೆಲ್ಡಿಂಗ್ ಸಂಶೋಧನಾ ಸಂಸ್ಥೆಯಂತಹ ಕಡೆಗಳಿಂದ ತಜ್ಞರನ್ನು ಆಹ್ವಾನಿಸಬಹುದು. ಆ ದಿನ ಮಾಲೀಕರು ಒಬ್ಬರೇ ಬಾರದೆ ತಮ್ಮ ಹಿರಿಯ ವೆಲ್ಡರನ್ನೂ ಖರೀದಿ ವಿಭಾಗದ ಗುಮಾಸ್ತರನ್ನೂ ಜೊತೆಗೆ ಕರೆತರಬೇಕೆಂದು ಪದಾಧಿಕಾರಿಗಳು ಈಗಲೇ ಸುತ್ತೋಲೆಯಲ್ಲಿ ನಮೂದಿಸುವುದು ಒಳ್ಳೆಯದು.